ಒಂದು ನಿಮಿಷದಿಂದ 25 ಸೆಕೆಂಡಿಗೆ: ಕ್ಯೂಬ್ ಟೈಮಿಂಗ್ ಇಳಿಸೋದು ಹೇಗೆ?

"ಕ್ಯೂಬ್ ಮಾಡೋಕೆ ಬರುತ್ತೆ ಸರ್, ಆದ್ರೆ ಒಂದು ನಿಮಿಷದಿಂದ ಕೆಳಗೆ ಇಳೀತಾನೇ ಇಲ್ಲ." ದಾವಣಗೆರೆಯ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೊಂದೇ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಯಾವ ಕ್ಯೂಬ್ ತಗೊಂಡ್ರೆ ಫಾಸ್ಟ್ ಆಗುತ್ತೆ?" ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿ ಈಗ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ರೂಬಿಕ್ಸ್ ಕ್ಯೂಬ್ ಪೂರ್ತಿ ಮಾಡಲು ಈಗಾಗಲೇ ಬರುವವರಿಗೆ ಈ ಲೇಖನ. ಒಂದೊಂದೇ ಲೇಯರ್ ಮುಗಿಸುತ್ತಾ ಹೋಗುವ ಬಿಗಿನರ್ ವಿಧಾನ ಗೊತ್ತಿದ್ದರೆ ಸಾಕು. ಅದೂ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಕಲಿತು ಬನ್ನಿ, ಬಿಡುವಿದ್ದರೆ ಒಂದು ವಾರದ ಕೆಲಸ.

ಶುರು ಮಾಡುವ ಮುಂಚೆ ಒಂದು ಲೆಕ್ಕ ನೋಡಿ. ಸ್ಪರ್ಧೆಗೆ ಬರುವವರಲ್ಲಿ ಬಹುಪಾಲು ಜನ ಬಳಸುವುದು ಸಿಎಫ್‌ಒಪಿ ಅನ್ನೋ ನಾಲ್ಕು ಘಟ್ಟದ ವಿಧಾನ, ಅದರ ವಿವರ ಹಂತ 1ರಲ್ಲಿದೆ. ಅದರಲ್ಲಿ ಒಂದು ಸಾಲ್ವ್‌ಗೆ, ಅಂದರೆ ಕ್ಯೂಬ್ ಒಮ್ಮೆ ಪೂರ್ತಿ ಮಾಡಲು, ಸುಮಾರು 60 ತಿರುವು ಆಗುತ್ತದೆ. ಸೆಕೆಂಡಿಗೆ ಬರೀ ಮೂರು ತಿರುವಿನಂತೆ ಆರಾಮಾಗಿ ತಿರುಗಿಸಿದರೂ 20 ಸೆಕೆಂಡಿಗೆ ಮುಗಿಯಬೇಕು. ನಿಮಗೆ 45 ಆಗುತ್ತಿದೆ ಅನ್ನಿ. ಮಿಕ್ಕ 25 ಸೆಕೆಂಡ್ ಎಲ್ಲಿ ಹೋಯಿತು? ಕ್ಯೂಬ್ ಕೈಯಲ್ಲಿತ್ತು, ಬೆರಳು ನಿಂತಿತ್ತು, ನೀವು ಮುಂದಿನ ತುಂಡು ಎಲ್ಲಿದೆ ಅಂತ ಹುಡುಕುತ್ತಿದ್ದಿರಿ. ಆ 25 ಸೆಕೆಂಡಿಗೆ ಕೈ ಹಾಕಿದರೆ ಟೈಮಿಂಗ್ ಇಳಿಯುತ್ತದೆ. ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

ಇನ್ನೊಂದು ಮಾತು, ಬರೀ ಧೈರ್ಯಕ್ಕೆ. 1974ರಲ್ಲಿ ಹಂಗೇರಿಯ ಎರ್ನೋ ರೂಬಿಕ್ ಈ ಕ್ಯೂಬ್ ಮಾಡಿದರು. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದ ಮಿನ್ ಥಾಯ್ ಅವರ ಟೈಮ್ 22.95 ಸೆಕೆಂಡ್. ಇವತ್ತು ಅಷ್ಟು ಮಾಡುವ ಹೈಸ್ಕೂಲ್ ಹುಡುಗರು ನಮ್ಮ ಕಡೆಯೂ ಸಿಗುತ್ತಾರೆ. 2023ರಲ್ಲಿ ಅಮೆರಿಕದ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು ನೋಡಿ ಗಾಬರಿ ಆಗಬೇಡಿ, ನಮ್ಮ ಗುರಿ ಸದ್ಯಕ್ಕೆ 25.

ಏನೇನು ಬೇಕು

ಕ್ಯೂಬ್ ವಿಷಯ ಮೊದಲು ಮುಗಿಸಿಬಿಡೋಣ. ಫ್ಯಾನ್ಸಿ ಸ್ಟೋರ್‌ನಲ್ಲಿ ನೇತುಹಾಕಿರುವ ಆಟಿಕೆ ಕ್ಯೂಬ್‌ನಲ್ಲಿ ಸ್ಪೀಡ್ ಬರೋದಿಲ್ಲ, ಬೆರಳು ನೋಯುತ್ತದೆ ಅಷ್ಟೆ. ಒಳಗೆ ಮ್ಯಾಗ್ನೆಟ್ ಇರುವ ಸ್ಪೀಡ್ ಕ್ಯೂಬ್ ತಗೊಳ್ಳಿ. ಮೋಯು, ಚೀಯಿ ಕಂಪನಿಗಳ ಒಳ್ಳೇ ಮಾಡೆಲ್‌ಗಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಅದರ ನಾಲ್ಕೈದು ಪಟ್ಟು ಕೊಟ್ಟು ಗ್ಯಾನ್ ಕಂಪನಿಯ ಕ್ಯೂಬ್ ತಂದವರು 45 ಸೆಕೆಂಡಿನಲ್ಲೇ ಇರುವುದನ್ನು ಬೇಕಾದಷ್ಟು ನೋಡಿದ್ದೇನೆ. 20 ಸೆಕೆಂಡಿನ ಒಳಗೆ ಬರುವ ತನಕ ದುಬಾರಿ ಕ್ಯೂಬ್‌ಗೆ ದುಡ್ಡು ಹಾಕಬೇಡಿ.

ಟೈಮರ್‌ಗೆ ಸಿಎಸ್‌ಟೈಮರ್ ಅನ್ನೋ ವೆಬ್‌ಸೈಟ್ ಸಾಕು, ಪುಕ್ಕಟೆ. ಪ್ರತಿ ಸಲ ಹೊಸ ಸ್ಕ್ರ್ಯಾಂಬಲ್ ಕೊಡುತ್ತದೆ. ಸ್ಕ್ರ್ಯಾಂಬಲ್ ಅಂದರೆ ಕ್ಯೂಬ್ ಕೆಡಿಸಲು ಬರೆದುಕೊಟ್ಟ ತಿರುವುಗಳ ಸಾಲು. ಬಿಳಿ ಮೇಲೆ, ಹಸಿರು ಮುಂದೆ ಹಿಡಿದು ಅದನ್ನು ಮಾಡಬೇಕು. ಸುಮ್ನೆ ಕೈಗೆ ಬಂದ ಹಾಗೆ ಕೆಡಿಸಿ ಟೈಮ್ ಬರೆದುಕೊಳ್ಳಬೇಡಿ, ಅರ್ಧಂಬರ್ಧ ಕೆಟ್ಟ ಕ್ಯೂಬ್‌ನಲ್ಲಿ ಬಂದ ಟೈಮ್ ನಿಮಗೇ ಮೋಸ. ಇದರ ಜೊತೆ ವಿಡಿಯೋ ತೆಗೆಯಲು ಒಂದು ಫೋನು, ಒಂದು ನೋಟ್‌ಬುಕ್ಕು.

ಕ್ಯೂಬ್ ಮೇಂಟೇನ್ ಮಾಡುವುದರಲ್ಲಿ ನಮ್ಮೂರಿನವರು ಮಾಡುವ ತಪ್ಪು ಎರಡು. ಗಟ್ಟಿಯಾಯಿತು ಅಂತ ಕೊಬ್ಬರಿ ಎಣ್ಣೆ ಹಾಕುತ್ತಾರೆ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ದಾವಣಗೆರೆ ಧೂಳೆಲ್ಲ ಅದಕ್ಕೆ ಅಂಟಿ ಒಳಗೆ ಕಪ್ಪು ಮೇಣ ಆಗುತ್ತದೆ. ಹೊಲಿಗೆ ಮಿಷನ್ ಎಣ್ಣೆಯೂ ಬೇಡ, ಪೆಟ್ರೋಲಿಯಂ ಎಣ್ಣೆಗಳು ಪ್ಲಾಸ್ಟಿಕ್ ಹಾಳು ಮಾಡುತ್ತವೆ. ಕ್ಯೂಬ್‌ಗೆ ಅಂತಲೇ ಮಾರುವ ಸಿಲಿಕೋನ್ ಲ್ಯೂಬ್ ಎರಡು ಮೂರು ಹನಿ ಸಾಕು. ಎರಡನೇ ತಪ್ಪು ಬೆಣ್ಣೆ ದೋಸೆ ತಿಂದ ಕೈಯಲ್ಲೇ ಕ್ಯೂಬ್ ಹಿಡಿಯೋದು. ಮಂಡಕ್ಕಿ ಮಿರ್ಚಿಗೂ ಇದೇ ಮಾತು. ಪೇಪರ್‌ನಲ್ಲಿ ಒರೆಸಿದರೆ ಸಾಲದು, ಸೋಪು ಹಾಕಿ ತೊಳೆಯಿರಿ.

ನಡುವಿನ ಮುಚ್ಚಳ ತೆಗೆದರೆ ಸ್ಕ್ರೂ ಕಾಣುತ್ತದೆ, ಬಿಗಿ ಸಡಿಲ ಮಾಡುವುದು ಅಲ್ಲಿ. ಆರು ಕಡೆಯೂ ಒಂದೇ ಅಳತೆಗೆ ತಿರುಗಿಸಿ. ಮೇಲಿನ ಲೇಯರ್ ಸ್ವಲ್ಪ ಓರೆಯಾಗಿದ್ದಾಗಲೂ ಪಕ್ಕದ ಲೇಯರ್ ಸಲೀಸಾಗಿ ತಿರುಗಬೇಕು. ತುಂಡು ಹಾರಿ ಹೊರಗೆ ಬಂದರೆ ಜಾಸ್ತಿ ಸಡಿಲ ಆಯಿತು ಅಂತ ಅರ್ಥ.

ತಿರುವಿನ ಭಾಷೆ ನಿಮಗೆ ಗೊತ್ತೇ ಇರುತ್ತದೆ. ಆದರೂ ಒಮ್ಮೆ: ಆರ್ ಅಂದರೆ ಬಲ ಮುಖ, ಎಲ್ ಎಡ, ಯು ಮೇಲೆ, ಎಫ್ ಮುಂದೆ. ಬರೀ ಅಕ್ಷರ ಇದ್ದರೆ ಆ ಮುಖವನ್ನು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. 'ಪ್ರೈಮ್' ಅಂತ ಇದ್ದರೆ ಉಲ್ಟಾ. ಪಕ್ಕದಲ್ಲಿ 2 ಇದ್ದರೆ ಎರಡು ಸಲ.

ಹಂತ 1: ನಿಮ್ಮ ಸಮಯ ಎಲ್ಲಿ ಸೋರುತ್ತಿದೆ ನೋಡಿ

ಐದು ಸಾಲ್ವ್ ವಿಡಿಯೋ ಮಾಡಿ. ಆಮೇಲೆ ಕೂತು ನೋಡುತ್ತಾ, ಪ್ರತಿ ಘಟ್ಟ ಎಷ್ಟು ಸೆಕೆಂಡಿಗೆ ಮುಗಿಯಿತು ಅಂತ ಬರೆಯಿರಿ. ಸಿಎಫ್‌ಒಪಿಯಲ್ಲಿ ನಾಲ್ಕು ಘಟ್ಟ. ಕ್ರಾಸ್: ಬಿಳಿ ಬದಿಯಲ್ಲಿ ಕೂಡಿಸುವ ಚಿಹ್ನೆ. ಎಫ್‌ಟುಎಲ್: ಕೆಳಗಿನ ಎರಡು ಲೇಯರ್ ಒಟ್ಟಿಗೇ ಮುಗಿಸುವುದು. ಒಎಲ್‌ಎಲ್: ಮೇಲಿನ ಮುಖವನ್ನೆಲ್ಲ ಹಳದಿ ಮಾಡುವುದು. ಪಿಎಲ್‌ಎಲ್: ಕೊನೆಯ ಲೇಯರ್‌ನ ತುಂಡುಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು.

ಪಿ.ಜೆ. ಬಡಾವಣೆಯ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನ ವಿಡಿಯೋ ಲೆಕ್ಕ ಹೀಗಿತ್ತು. ಕ್ರಾಸ್ 9 ಸೆಕೆಂಡ್, ಎಫ್‌ಟುಎಲ್ 24, ಒಎಲ್‌ಎಲ್ 8, ಪಿಎಲ್‌ಎಲ್ 7, ಒಟ್ಟು 48. ಆ 24ರಲ್ಲಿ ಅವನ ಕೈ ನಿಂತೇ ಇದ್ದದ್ದು 13 ಸೆಕೆಂಡ್. ಅವನು ಅಲ್ಲಿಯ ತನಕ ದಿನಾ ಅಭ್ಯಾಸ ಮಾಡುತ್ತಿದ್ದದ್ದು ಏನು ಗೊತ್ತಾ? ಪಿಎಲ್‌ಎಲ್ ಅಲ್ಗಾರಿದಮ್, ಅಂದರೆ ಬಾಯಿಪಾಠ ಮಾಡಿದ ತಿರುವುಗಳ ಸಾಲನ್ನು, ಬೇಗ ಬೇಗ ತಿರುಗಿಸುವುದು. ಅಲ್ಲಿ ಎಷ್ಟೇ ಗುದ್ದಾಡಿದರೂ ಸಿಗುವುದು ಎರಡು ಮೂರು ಸೆಕೆಂಡ್.

ನೀವಿನ್ನೂ ಬಿಗಿನರ್ ವಿಧಾನದಲ್ಲೇ ಇದ್ದರೆ ವಿಡಿಯೋ ಲೆಕ್ಕ ಬೇಡ. ಆ ವಿಧಾನದಲ್ಲಿ ತಿರುವು 100 ದಾಟುತ್ತದೆ. ನೇರ ಮುಂದಿನ ಹಂತಗಳಿಗೆ ಹೋಗಿ.

ಹಂತ 2: ಮಣಿಕಟ್ಟು ಬಿಟ್ಟು ಬೆರಳು

ಮೇಲಿನ ಲೇಯರ್ ತಿರುಗಿಸಲು ಇಡೀ ಕೈ ಎತ್ತಿ ಹಿಡಿಯುತ್ತೀರಾ? ಹಾಗಿದ್ದರೆ ಇಲ್ಲಿ ಒಂದು ವಾರ ನಿಲ್ಲಿ. ಆರ್, ಯು, ಆರ್ ಪ್ರೈಮ್, ಯು ಪ್ರೈಮ್. ಈ ನಾಲ್ಕು ತಿರುವಿನ ಸಾಲನ್ನು ಹೀಗೆ ಮಾಡಿ. ಎರಡೂ ಹೆಬ್ಬೆರಳು ಮುಂದಿನ ಮುಖದ ಮೇಲೆ ಇರಲಿ. ಆರ್‌ಗೆ ಬಲ ಮಣಿಕಟ್ಟು ಮೇಲಕ್ಕೆ ತಿರುಗುತ್ತದೆ. ಯುಗೆ ಬಲಗೈ ತೋರುಬೆರಳು ಹಿಂದಿನಿಂದ ಎಳೆಯುತ್ತದೆ. ಆರ್ ಪ್ರೈಮ್‌ಗೆ ಮಣಿಕಟ್ಟು ವಾಪಸ್. ಯು ಪ್ರೈಮ್‌ಗೆ ಎಡಗೈ ತೋರುಬೆರಳು. ಎಲ್ಲೂ ಹಿಡಿತ ಬಿಡುವ ಹಾಗಿಲ್ಲ.

ಪೂರ್ತಿ ಮಾಡಿಟ್ಟ ಕ್ಯೂಬ್‌ನಲ್ಲಿ ಇದನ್ನು ಆರು ಸಲ ಮಾಡಿದರೆ ಕ್ಯೂಬ್ ಮತ್ತೆ ಮೊದಲಿನ ಹಾಗೇ ಆಗುತ್ತದೆ. ಟಿವಿ ನೋಡುತ್ತಾ, ಬಸ್ಸಿನಲ್ಲಿ ಕೂತು ಮಾಡಲು ಹೇಳಿಮಾಡಿಸಿದ ಅಭ್ಯಾಸ. ತಪ್ಪಾಗಿದ್ದರೆ ಆರನೇ ಸಲಕ್ಕೆ ಕ್ಯೂಬೇ ಹೇಳುತ್ತದೆ.

ಹಂತ 3: ಕ್ರಾಸ್ ಕೆಳಗೆ, ಪ್ಲಾನ್ ಮೊದಲೇ

ಬಿಗಿನರ್‌ಗಳು ಬಿಳಿ ಕ್ರಾಸನ್ನು ಮೇಲಿಟ್ಟು ಕಟ್ಟಿ ಆಮೇಲೆ ಕ್ಯೂಬ್ ತಿರುವಿ ಹಾಕುತ್ತಾರೆ. ಇವತ್ತಿಂದ ಬಿಳಿ ಕೆಳಗೇ ಇರಲಿ. ಮೊದಲ ಮೂರು ದಿನ ಟೈಮ್ ಇನ್ನೂ ಕೆಡುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಕೆಳಗೆ ಕಟ್ಟಿದರೆ ಕ್ರಾಸ್ ಮುಗಿಯುವ ಹೊತ್ತಿಗೆ ಮೇಲಿನ ತುಂಡುಗಳು ಕಣ್ಣಿಗೆ ಬಿದ್ದಿರುತ್ತವೆ.

ಯಾವುದೇ ಸ್ಕ್ರ್ಯಾಂಬಲ್ ಇರಲಿ, ಕ್ರಾಸ್ ಎಂಟು ತಿರುವಿನ ಒಳಗೆ ಆಗಿಯೇ ಆಗುತ್ತದೆ. ಸ್ಪರ್ಧೆಯಲ್ಲಿ ಸಾಲ್ವ್‌ಗೆ ಮುಂಚೆ ಕ್ಯೂಬ್ ನೋಡಿಕೊಳ್ಳಲು 15 ಸೆಕೆಂಡ್ ಕೊಡುತ್ತಾರೆ, ಅದಕ್ಕೆ ಇನ್‌ಸ್ಪೆಕ್ಷನ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ನಾಲ್ಕೂ ಬಿಳಿ ಅಂಚು (ಎರಡು ಬಣ್ಣದ ತುಂಡು) ಎಲ್ಲಿವೆ, ಯಾವ ತಿರುವಿಗೆ ಎಲ್ಲಿ ಹೋಗುತ್ತವೆ ಅಂತ ಮನಸ್ಸಿನಲ್ಲೇ ಮಾಡಿ ಮುಗಿಸಬೇಕು.

ಅಭ್ಯಾಸಕ್ಕೆ ನಾನು ಹೇಳುವುದು: ಸ್ಕ್ರ್ಯಾಂಬಲ್ ಮಾಡಿ, ಬೇಕಾದಷ್ಟು ಹೊತ್ತು ನೋಡಿ, ಕಣ್ಣು ಮುಚ್ಚಿ ಕ್ರಾಸ್ ಕಟ್ಟಿ. ಕಣ್ಣು ಬಿಟ್ಟು ನೋಡಿ. ಮೊದಲು ಎರಡು ಅಂಚಿನಿಂದ ಶುರು ಮಾಡಿ, ಆಮೇಲೆ ಮೂರು, ಆಮೇಲೆ ನಾಲ್ಕು. ದಿನಾ ಹತ್ತು ಸಲ. ಇದು ಬೋರು, ಒಪ್ಪುತ್ತೇನೆ. ಆದರೆ 9 ಸೆಕೆಂಡಿನ ಕ್ರಾಸ್ 4ಕ್ಕೆ ಇಳಿಯಲು ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಹಂತ 4: ಎಫ್‌ಟುಎಲ್, ಅರ್ಧ ಸಾಲ್ವ್ ಇಲ್ಲೇ ಇದೆ

ಬಿಗಿನರ್ ವಿಧಾನದಲ್ಲಿ ಮೂಲೆ (ಮೂರು ಬಣ್ಣದ ತುಂಡು) ಬೇರೆ, ಅಂಚು ಬೇರೆ ಕೂರಿಸುತ್ತೀರಿ. ಎಫ್‌ಟುಎಲ್‌ನಲ್ಲಿ ಎರಡನ್ನೂ ಮೇಲಿನ ಲೇಯರ್‌ನಲ್ಲಿ ಜೋಡಿ ಮಾಡಿ ಒಟ್ಟಿಗೇ ಇಳಿಸುತ್ತೀರಿ. ಅಂಥ ಜೋಡಿ ನಾಲ್ಕು. ಎಲ್ಲ ಸೇರಿ 41 ಸನ್ನಿವೇಶಗಳಿವೆ. 41 ಅಲ್ಗಾರಿದಮ್ ಬಾಯಿಪಾಠ ಮಾಡಲು ಕೂರಬೇಡಿ. ಅಲ್ಲೇ ತುಂಬಾ ಜನ ಕೈಬಿಡುತ್ತಾರೆ. ಒಂದನ್ನು ಕಣ್ಣಾರೆ ಅರ್ಥ ಮಾಡಿಕೊಂಡರೆ ಉಳಿದವು ಅದರ ನೆಂಟರು.

ಕ್ಯೂಬ್ ಕೈಗೆ ತಗೊಳ್ಳಿ. ಬಿಳಿ ಕೆಳಗೆ, ಹಸಿರು ಮುಂದೆ. ಆಗ ಬಲಕ್ಕೆ ಕಿತ್ತಳೆ ಬರುತ್ತದೆ. ನಮಗೆ ಬೇಕಾದ ಜೋಡಿ ಬಿಳಿ-ಹಸಿರು-ಕಿತ್ತಳೆ ಮೂಲೆ ಮತ್ತು ಹಸಿರು-ಕಿತ್ತಳೆ ಅಂಚು. ಈಗ ಮೂಲೆ ಮೇಲಿನ ಲೇಯರ್‌ನಲ್ಲಿ ಬಲ-ಮುಂದೆ ಇದೆ, ಅದರ ಬಿಳಿ ನಿಮ್ಮ ಮುಖ ನೋಡುತ್ತಿದೆ, ಹಸಿರು ಮೇಲಿದೆ ಅಂತ ಇಟ್ಟುಕೊಳ್ಳಿ. ಅಂಚು ಅದರ ಹಿಂದೆಯೇ, ಮೇಲಿನ ಲೇಯರ್‌ನ ಬಲ ನಡುವಿನಲ್ಲಿ, ಹಸಿರು ಮೇಲಾಗಿ ಅಂಟಿಕೊಂಡಿದೆ. ಜೋಡಿ ಆಗಲೇ ಆಗಿದೆ. ಮಾಡಬೇಕಾದ್ದು: ಯು, ಆರ್, ಯು ಪ್ರೈಮ್, ಆರ್ ಪ್ರೈಮ್.

ಇದನ್ನು ಒಂದೊಂದೇ ತಿರುವಾಗಿ ನೋಡಿ. ಯು ಜೋಡಿಯನ್ನು ಎಡಕ್ಕೆ ಸರಿಸಿತು. ಆರ್ ಖಾಲಿ ಜಾಗವನ್ನು ಮೇಲಕ್ಕೆ ತಂದಿತು. ಯು ಪ್ರೈಮ್ ಜೋಡಿಯನ್ನು ಆ ಜಾಗಕ್ಕೆ ತಳ್ಳಿತು. ಆರ್ ಪ್ರೈಮ್ ಜೋಡಿಯನ್ನು ಹೊತ್ತುಕೊಂಡು ಕೆಳಗಿಳಿಯಿತು. ಲಿಫ್ಟ್ ಕರೆಸಿ ಹತ್ತಿ ಇಳಿದ ಹಾಗೆ. ಎಡಗೈ ಕಡೆ ಇದರದೇ ಕನ್ನಡಿ ರೂಪ: ಯು ಪ್ರೈಮ್, ಎಲ್ ಪ್ರೈಮ್, ಯು, ಎಲ್. ಅದನ್ನೂ ಇವತ್ತೇ ಕಲಿಯಿರಿ. ಎಡಗೈಗೆ ಸೋಮಾರಿತನ ಬಂದರೆ ಪ್ರತಿ ಜೋಡಿಗೂ ಇಡೀ ಕ್ಯೂಬ್ ತಿರುವಿ ಹಿಡಿಯುತ್ತೀರಿ. ಹಾಗೆ ತಿರುವಿದ ಪ್ರತಿ ಸಲವೂ ಬಣ್ಣಗಳೆಲ್ಲ ಜಾಗ ಬದಲಿಸುತ್ತವೆ, ಕಣ್ಣು ಮತ್ತೆ ಮೊದಲಿಂದ ಹುಡುಕಬೇಕು.

ಮೂಲೆ, ಅಂಚು ದೂರ ದೂರ ಇದ್ದರೆ ಮೊದಲು ಅವನ್ನು ಇಂಥ ಜೋಡಿ ಆಗುವ ಹಾಗೆ ತನ್ನಿ. ಒಂದು ವಾರ ಟೈಮರ್ ಆಫ್ ಮಾಡಿ ಬರೀ ಇದನ್ನೇ ಆಡಿ.

ಈಗ ಆ ಒಂಬತ್ತನೇ ಕ್ಲಾಸಿನ ಹುಡುಗನ ಕೈ ನಿಂತಿದ್ದ 13 ಸೆಕೆಂಡಿಗೆ ಬರೋಣ. ಕೈ ಒಂದು ಜೋಡಿಯನ್ನು ಇಳಿಸುತ್ತಿರುವಾಗಲೇ ಕಣ್ಣು ಮುಂದಿನ ಜೋಡಿಯನ್ನು ಹುಡುಕಬೇಕು. ಕ್ಯೂಬರ್‌ಗಳು ಇದನ್ನು ಲುಕ್ ಅಹೆಡ್ ಅನ್ನುತ್ತಾರೆ. ಚಪಾತಿ ಲಟ್ಟಿಸುತ್ತಾ ಹಂಚಿನ ಮೇಲಿರುವುದರ ಮೇಲೂ ಕಣ್ಣಿಡುತ್ತಾರಲ್ಲ, ಅದೇ ಕೆಲಸ. ಕೈ ತುಂಬಾ ಜೋರಾಗಿ ಓಡಿದರೆ ಕಣ್ಣಿಗೆ ಏನೂ ಕಾಣೋದಿಲ್ಲ. ಆದ್ದರಿಂದ ನಿಧಾನ ಮಾಡಿ. ಹೌದು, ಟೈಮ್ ಇಳಿಸೋಕೆ ನಿಧಾನ ಮಾಡಿ ಅಂತಲೇ ಹೇಳುತ್ತಿದ್ದೇನೆ.

ಫೋನಿನಲ್ಲಿ ಒಂದು ಮೆಟ್ರೊನೋಮ್ ಹಾಕಿಕೊಳ್ಳಿ, ಸಂಗೀತದವರು ತಾಳಕ್ಕೆ ಬಳಸುವ ಟಿಕ್ ಟಿಕ್. ನಿಮಿಷಕ್ಕೆ 60ರಿಂದ ಶುರು ಮಾಡಿ. ಒಂದು ಟಿಕ್‌ಗೆ ಒಂದು ತಿರುವು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎಫ್‌ಟುಎಲ್ ಮುಗಿಯುವ ತನಕ ಒಂದು ಟಿಕ್ಕೂ ಖಾಲಿ ಹೋಗಬಾರದು. ಮೊದಲ ದಿನ ನಾಲ್ಕೈದು ಖಾಲಿ ಹೋಗುತ್ತವೆ. ಒಂದೂ ಹೋಗದಿದ್ದಾಗ 70ಕ್ಕೆ ಏರಿಸಿ. ಹುಡುಗರಿಗೆ ಇದು ಕೊಂಚವೂ ಇಷ್ಟ ಆಗೋದಿಲ್ಲ. ಎರಡನೇ ವಾರಕ್ಕೆ ಆವರೇಜ್ ಇಳಿದಾಗ ಮಾತ್ರ ಸುಮ್ಮನಾಗುತ್ತಾರೆ.

ಎಚ್ಚರಿಕೆ: ಕೈಯಲ್ಲಿರುವ ಜೋಡಿಯನ್ನೇ ದಿಟ್ಟಿಸಿ ನೋಡುವುದು ಎಲ್ಲರಿಗೂ ಅಂಟಿರುವ ಚಟ. ಅದು ಹೇಗೂ ಇಳಿಯುತ್ತದೆ, ಬಿಡಿ. ನೋಡಬೇಕಾದ್ದು ಮಿಕ್ಕ ಜಾಗಗಳನ್ನು.

ಹಂತ 5: ಕೊನೆಯ ಲೇಯರ್

ಒಎಲ್‌ಎಲ್ ಸನ್ನಿವೇಶಗಳು ಒಟ್ಟು 57, ಪಿಎಲ್‌ಎಲ್‌ನವು 21. ಅಂಕಿ ನೋಡಿ ಹೆದರಬೇಡಿ. ಎರಡೆರಡು ಕಂತಿನಲ್ಲಿ ಮಾಡುವ ಟು ಲುಕ್ ದಾರಿಯಲ್ಲಿ ಒಎಲ್‌ಎಲ್‌ಗೆ 10, ಪಿಎಲ್‌ಎಲ್‌ಗೆ 6, ಒಟ್ಟು 16 ಅಲ್ಗಾರಿದಮ್ ಸಾಕು. ಇಷ್ಟರಲ್ಲೇ 25 ಸೆಕೆಂಡ್ ತಲುಪಬಹುದು.

ಒಂದು ಉದಾಹರಣೆ. ಹಳದಿ ಕ್ರಾಸ್ ಆಗಿದೆ, ಮೇಲೆ ಒಂದೇ ಒಂದು ಹಳದಿ ಮೂಲೆ ಇದೆ. ಅದನ್ನು ಎಡ-ಮುಂದೆ ಇಟ್ಟುಕೊಳ್ಳಿ. ಬಲ-ಮುಂದಿನ ಮೂಲೆಯ ಹಳದಿ ನಿಮ್ಮ ಕಡೆ ನೋಡುತ್ತಿದ್ದರೆ ಅದು ಸೂನ್ ಅನ್ನೋ ಸನ್ನಿವೇಶ: ಆರ್, ಯು, ಆರ್ ಪ್ರೈಮ್, ಯು, ಆರ್, ಯು2, ಆರ್ ಪ್ರೈಮ್. ಹಳದಿ ನಿಮ್ಮ ಕಡೆ ಇಲ್ಲದಿದ್ದರೆ ಅದು ಅದರ ಜೋಡಿ, ಆಂಟಿಸೂನ್. ಗುರುತು ಹಿಡಿಯುವುದನ್ನೂ ಅಲ್ಗಾರಿದಮ್ ಜೊತೆಗೇ ಕಲಿಯಿರಿ. ಕೈಗೆ ಬಂದರೂ ಕಣ್ಣಿಗೆ ಗೊತ್ತಾಗದಿದ್ದರೆ ಮತ್ತೆ ಅದೇ ನಿಲ್ಲುವ ರೋಗ.

16 ಮುಗಿದ ಮೇಲೆ ಪೂರ್ತಿ ಪಿಎಲ್‌ಎಲ್‌ಗೆ ಹೋಗಿ, ಒಎಲ್‌ಎಲ್ ಆಮೇಲೆ. ಕಲಿಯುವ ಸಾಲು ಹೇಗಿರಬೇಕು ಅಂತಲೂ ಲೆಕ್ಕ ಇದೆ. ಪಿಎಲ್‌ಎಲ್ ಬಗೆಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು. ಟಿ, ವೈ, ಎರಡು ಜೆ, ನಾಲ್ಕು ಜಿ ಹೀಗೆ 16 ಬಗೆಗಳು ತಲಾ 18 ಸಾಲ್ವ್‌ಗೆ ಸರಾಸರಿ ಒಂದು ಸಲ ಬರುತ್ತವೆ. ಎರಡು ಎನ್‌ಗಳು ತಲಾ 72ಕ್ಕೆ ಒಂದು ಸಲ. ಅಂದರೆ ಎನ್ ಕೊನೆಗೆ. ಕಷ್ಟದ್ದನ್ನು ಮೊದಲು ಮುಗಿಸೋಣ ಅಂತ ಎನ್‌ನಿಂದ ಶುರು ಮಾಡಿದವರು ಅದನ್ನು ಬಳಸುವ ಹೊತ್ತಿಗೆ ಮರೆತಿರುತ್ತಾರೆ. ವಾರಕ್ಕೆ ಎರಡು ಸಾಕು.

ಹಂತ 6: ದಿನದ ಅಭ್ಯಾಸ

ದಿನಾ 45 ನಿಮಿಷ ಸಾಕು. ಹತ್ತು ನಿಮಿಷ ಕಣ್ಣು ಮುಚ್ಚಿ ಕ್ರಾಸ್, ಹದಿನೈದು ನಿಮಿಷ ಮೆಟ್ರೊನೋಮ್, ಉಳಿದದ್ದು ಟೈಮರ್ ಹಾಕಿ ಸಾಲ್ವ್. ಪರೀಕ್ಷೆ ಸಮಯದಲ್ಲಿ ಹದಿನೈದು ನಿಮಿಷಕ್ಕೆ ಇಳಿಸಿ. ಪೂರ್ತಿ ಬಿಡಬೇಡಿ.

ಬೆಸ್ಟ್ ಟೈಮ್ ಹಿಂದೆ ಓಡಬೇಡಿ. ಒಮ್ಮೆ ಅದೃಷ್ಟ ಬಂದರೆ ಎಂಥವರಿಗೂ ಬರುತ್ತದೆ. ನೋಡಬೇಕಾದ್ದು ಆವರೇಜ್. ಸ್ಪರ್ಧೆಯ ಆವರೇಜ್ ಐದು ಸಾಲ್ವ್‌ಗಳದ್ದು, ಅದರಲ್ಲಿ ಒಳ್ಳೆಯದೊಂದು, ಕೆಟ್ಟದ್ದೊಂದು ಬಿಟ್ಟು ನಡುವಿನ ಮೂರರ ಸರಾಸರಿ. 31.20, 28.45, 35.90, 29.75, 41.10 ಬಂದಿದ್ದರೆ 28.45 ಮತ್ತು 41.10 ಹೋಗುತ್ತವೆ. ಮಿಕ್ಕ ಮೂರರ ಸರಾಸರಿ 32.28. ಹಾಗಾಗಿ ಒಂದು ಸಾಲ್ವ್ ಕೆಟ್ಟರೆ ಚಿಂತೆ ಇಲ್ಲ, ಎರಡು ಕೆಟ್ಟರೆ ಏಟು. ಮನೆಯಲ್ಲಿ ನೂರು ಸಾಲ್ವ್‌ನ ಆವರೇಜ್ ವಾರಕ್ಕೊಮ್ಮೆ ನೋಟ್‌ಬುಕ್‌ನಲ್ಲಿ ಬರೆಯಿರಿ.

ಎರಡು ಮೂರು ವಾರ ಟೈಮ್ ಅಲ್ಲೇ ನಿಂತರೆ ಮತ್ತೆ ಹಂತ 1ಕ್ಕೆ ಹೋಗಿ ವಿಡಿಯೋ ತೆಗೆಯಿರಿ. ಸೋರುವ ಜಾಗ ಬದಲಾಗಿರುತ್ತದೆ. ಬೆರಳು, ಮಣಿಕಟ್ಟು ನೋಯುತ್ತಿದ್ದರೆ ಆ ದಿನ ಬಿಟ್ಟುಬಿಡಿ.

ಹಂತ 7: ಸ್ಪರ್ಧೆಗೆ ಹೊರಡುವ ಮುಂಚೆ

ಅಧಿಕೃತ ಸ್ಪರ್ಧೆಗಳು ವಿಶ್ವ ಕ್ಯೂಬ್ ಸಂಘ, ಅಂದರೆ ಡಬ್ಲ್ಯುಸಿಎ ನಿಯಮದಂತೆ ನಡೆಯುತ್ತವೆ. 2004ರಲ್ಲಿ ಶುರುವಾದ ಸಂಸ್ಥೆ ಇದು. ಅದರ ವೆಬ್‌ಸೈಟ್‌ನಲ್ಲೇ ಖಾತೆ ತೆರೆದು ನೋಂದಾಯಿಸಬೇಕು. ಸೀಟು ಬೇಗ ತುಂಬುತ್ತವೆ, ನೋಂದಣಿ ತೆರೆಯುವ ಗಂಟೆಗೇ ಕೂತಿರಿ. ಮೊದಲ ಸಲದವರು ಗುರುತಿನ ಚೀಟಿ ಮರೆಯಬೇಡಿ. ನಮಗೆ ಸಾಮಾನ್ಯವಾಗಿ ಬೆಂಗಳೂರೇ ಗತಿ, ಸುಮಾರು 260 ಕಿಲೋಮೀಟರ್. ಬೆಳಗ್ಗೆ ಬೇಗ ಶುರುವಾಗುವುದರಿಂದ ಹಿಂದಿನ ದಿನವೇ ಹೋಗಿ ನಿದ್ದೆ ಮಾಡಿ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ನೇರ ಹಾಲ್‌ಗೆ ಹೋದರೆ ಬೆರಳು ಮಾತು ಕೇಳೋದಿಲ್ಲ.

ಹೊಸಬರು ಸೋಲುವುದು ಬಹುತೇಕ ಟೈಮರ್ ಹತ್ತಿರ. ಅಲ್ಲಿ ಫೋನ್ ಇರೋದಿಲ್ಲ, ಎರಡೂ ಕೈಯ ಬೆರಳು ಇಡುವ ಟೈಮರ್ ಇರುತ್ತದೆ. ಇನ್‌ಸ್ಪೆಕ್ಷನ್‌ನಲ್ಲಿ ಜಡ್ಜ್ 8 ಸೆಕೆಂಡಿಗೆ ಒಮ್ಮೆ, 12ಕ್ಕೆ ಒಮ್ಮೆ ಕೂಗುತ್ತಾರೆ. 12 ಕೇಳಿದ ತಕ್ಷಣ ಕ್ಯೂಬ್ ಮ್ಯಾಟ್ ಮೇಲಿಟ್ಟು ಕೈ ಟೈಮರ್ ಮೇಲಿಡಿ. ಹಸಿರು ದೀಪ ಬರುವ ತನಕ ಕಾಯಿರಿ, ಆಮೇಲೆ ಕೈ ಎತ್ತಿ. 15 ದಾಟಿ ಶುರು ಮಾಡಿದರೆ 2 ಸೆಕೆಂಡ್ ದಂಡ. 17 ದಾಟಿದರೆ ಡಿಎನ್‌ಎಫ್, ಅಂದರೆ ಆ ಸಾಲ್ವ್ ಮುಗಿಸಲೇ ಇಲ್ಲ ಅಂತ ಲೆಕ್ಕ. ಮುಗಿದಾಗ ಕ್ಯೂಬ್ ಬಿಟ್ಟು ಅಂಗೈ ಕೆಳಮುಖ ಮಾಡಿ ಎರಡೂ ಕೈಯಿಂದ ಟೈಮರ್ ನಿಲ್ಲಿಸಬೇಕು. ಒಂದು ಲೇಯರ್ 45 ಡಿಗ್ರಿಗಿಂತ ಜಾಸ್ತಿ ಓರೆ ಉಳಿದಿದ್ದರೆ ಮತ್ತೆ 2 ಸೆಕೆಂಡ್. ನನ್ನ ಮೊದಲ ಸ್ಪರ್ಧೆಯಲ್ಲಿ ಕೊನೆಯ ಒಂದು ಯು ಬಿಟ್ಟೇ ಟೈಮರ್ ಒತ್ತಿದ್ದೆ. ಜಡ್ಜ್ ನೋಡುವ ಮುಂಚೆ ಕ್ಯೂಬ್ ಮುಟ್ಟಿ ಸರಿ ಮಾಡೋಕೆ ಕೈ ಚಾಚಿದ್ದೆ ಬೇರೆ. ಮುಟ್ಟಿ ತಿರುಗಿಸಿದ್ದರೆ ಡಿಎನ್‌ಎಫ್ ಆಗುತ್ತಿತ್ತು. ಪುಣ್ಯಕ್ಕೆ ಪಕ್ಕದವನು ಕೆಮ್ಮಿದ.

ಹೋಗುವ ವಾರ ಮನೆಯಲ್ಲೂ ಹೀಗೇ ಮಾಡಿ. ಮನೆಯವರು ಯಾರಾದರೂ 8, 12 ಕೂಗಲಿ. ಎರಡೂ ಕೈ ಟೇಬಲ್ ಮೇಲಿಟ್ಟು ಶುರು ಮಾಡಿ, ಕೈ ಇಟ್ಟೇ ಮುಗಿಸಿ. ಅಲ್ಲಿ ಕೈ ನಡುಗುತ್ತದೆ, ಬೆವರುತ್ತದೆ. ಒಂದು ಕರ್ಚೀಫ್ ಜೇಬಿನಲ್ಲಿರಲಿ.

ಇನ್ನೊಂದು ವಿಷಯ ಯಾರೂ ಮುಂಚೆ ಹೇಳೋದಿಲ್ಲ. ಸ್ಪರ್ಧೆಗೆ ಬಂದವರೇ ಬೇರೆಯವರ ಕ್ಯೂಬ್ ಸ್ಕ್ರ್ಯಾಂಬಲ್ ಮಾಡಬೇಕು, ಜಡ್ಜ್ ಆಗಿ ಕೂರಬೇಕು. ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ಅಲ್ಲೇ ತೋರಿಸಿಕೊಡುತ್ತಾರೆ. ಜಡ್ಜ್ ಕುರ್ಚಿಯಲ್ಲಿ ಕೂತಾಗ ಹತ್ತು ಸೆಕೆಂಡಿನಲ್ಲಿ ಮುಗಿಸುವವರು ಒಂದೂವರೆ ಅಡಿ ದೂರದಲ್ಲಿರುತ್ತಾರೆ. ಅವರ ಎಫ್‌ಟುಎಲ್ ನೋಡಿ. ಕೈ ನೀವು ಅಂದುಕೊಂಡಷ್ಟು ಜೋರಾಗಿ ಓಡುತ್ತಿರೋದಿಲ್ಲ.